ಮೊದಲ ಏರ್ ರೈಫಲ್‌ಗೆ ಯಾವ ಪೆಲೆಟ್? ದುಬಾರಿ ಡಬ್ಬಿಯೇ ಬೇಕಾ?

ಪ್ರಶ್ನೆ (ಮಂಗಳೂರು): ಸರ್, ಮಗಳು 10 ಮೀಟರ್ ಏರ್ ರೈಫಲ್ ಕಲಿಯುತ್ತಿದ್ದಾಳೆ. ಇಷ್ಟು ದಿನ ಕ್ಲಬ್ಬಿನ ರೈಫಲ್ ಇತ್ತು, ಈಗ ಸೆಕೆಂಡ್ ಹ್ಯಾಂಡ್ ಪಿಸಿಪಿ (ಸಿಲಿಂಡರ್‌ನಲ್ಲಿ ಒತ್ತಡದ ಗಾಳಿ ತುಂಬಿಸಿಡುವ) ಮ್ಯಾಚ್ ರೈಫಲ್ ತೆಗೆದುಕೊಂಡಿದ್ದೇವೆ. ಅಂಗಡಿಯವರು ಆರ್‌ಡಬ್ಲ್ಯೂಎಸ್ ಆರ್10 ಇಲ್ಲವೇ ಎಚ್ ಆ್ಯಂಡ್ ಎನ್ ಫಿನಾಲೆ ಮ್ಯಾಚ್ ಎಂಬ ದುಬಾರಿ ಪೆಲೆಟ್ (ಸೀಸದ ಗುಂಡು) ಬಿಟ್ಟು ಬೇರೆ ಮುಟ್ಟಬೇಡಿ ಅನ್ನುತ್ತಾರೆ. ಕ್ಲಬ್ಬಿನಲ್ಲಿ ಕೆಲವರು ಲೋಕಲ್ ಪೆಲೆಟ್ ಸಾಕು ಅನ್ನುತ್ತಾರೆ. ಡಬ್ಬಿ ಮೇಲೆ 4.49, 4.50 ಅಂತ ಬೇರೆ ಇದೆ. ವಾರಕ್ಕೆ ನಾಲ್ಕು ದಿನ ಪ್ರಾಕ್ಟೀಸ್, ದಿನಕ್ಕೆ 80 ಗುಂಡು. ಏನು ಮಾಡೋದು?

ಉತ್ತರ (ತರಬೇತುದಾರರು): ಮೇಡಂ, ಇಬ್ಬರ ಮಾತೂ ಅರ್ಧ ಸರಿ. ಮೊದಲು ಎಷ್ಟು ನಿಖರತೆ ಬೇಕು ಅಂತ ಲೆಕ್ಕ ಹಾಕೋಣ.

10 ಮೀಟರ್ ಟಾರ್ಗೆಟ್‌ನಲ್ಲಿ ಹತ್ತರ ಚುಕ್ಕೆ ಬರೀ 0.5 ಮಿ.ಮೀ. ಆದರೆ ಪೆಲೆಟ್ 4.5 ಮಿ.ಮೀ. ದಪ್ಪ, ಅಂಚು ತಾಗಿದರೂ ಹತ್ತೇ. ಅಂದರೆ ಗುಂಡಿನ ನಡುಬಿಂದು ಕೇಂದ್ರದಿಂದ 2.5 ಮಿ.ಮೀ. ಒಳಗಿದ್ದರೆ 10.0 ಸಿಗುತ್ತದೆ. ಅಲ್ಲಿಂದ ಒಳಕ್ಕೆ ಪ್ರತಿ 0.25 ಮಿ.ಮೀ.ಗೆ ಒಂದು ದಶಾಂಶ ಏರುತ್ತಾ 10.9ರವರೆಗೆ ಹೋಗುತ್ತದೆ. ಈಗ ಒಂದು ಪೆಲೆಟ್ ನಿಮ್ಮ ರೈಫಲ್‌ನಲ್ಲಿ, ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ 7 ಮಿ.ಮೀ. ಗ್ರೂಪ್ (ಗುಂಡುಗಳ ಹರಡುವಿಕೆ) ಕೊಡುತ್ತದೆ ಅನ್ನಿ. 4.5 ಕಳೆದರೆ 2.5, ಅದರ ಅರ್ಧ 1.25. ಗುರಿ ತಪ್ಪದಿದ್ದರೆ ಆ ಪೆಲೆಟ್‌ನ ಕೆಟ್ಟ ಗುಂಡೂ 10.5. ಗ್ರೂಪ್ 12 ಮಿ.ಮೀ. ಆದರೆ ಅದೇ ಲೆಕ್ಕದಲ್ಲಿ 3.75, ಅಂದರೆ 9.5. ಹುಡುಗಿ ಚೆನ್ನಾಗಿ ಹೊಡೆದೂ ಒಂಬತ್ತು ಬರುತ್ತದೆ, ತಪ್ಪು ಕೈಯದೋ ಪೆಲೆಟ್‌ನದೋ ಗೊತ್ತಾಗುವುದಿಲ್ಲ. ಅಗ್ಗದ ಪೆಲೆಟ್‌ನ ನಿಜವಾದ ನಷ್ಟ ಇದೇ, ಕಲಿಕೆಯೇ ದಾರಿ ತಪ್ಪುತ್ತದೆ. ಹಾಗಂತ 7 ಮಿ.ಮೀ.ಯನ್ನು 6ಕ್ಕೆ ಇಳಿಸಲು ದುಪ್ಪಟ್ಟು ದುಡ್ಡು ಸುರಿಯುವ ಹಂತ ಇನ್ನೂ ಬಂದಿಲ್ಲ.

ನಿಮ್ಮ ಖರ್ಚು ತಿಂಗಳಿಗೆ 1,300 ಪೆಲೆಟ್ ಆಸುಪಾಸು, 500ರ ಡಬ್ಬಿಯಾದರೆ ಎರಡೂವರೆ. ಮಧ್ಯಮ ದರ್ಜೆಯದ್ದು, ಉದಾಹರಣೆಗೆ ಎಚ್ ಆ್ಯಂಡ್ ಎನ್ ಸ್ಪೋರ್ಟ್ ಅಥವಾ ಆರ್‌ಡಬ್ಲ್ಯೂಎಸ್ ಮೈಸ್ಟರ್‌ಕುಗೆಲ್ನ್, ಇವೆರಡರಲ್ಲಿ ಒಂದೊಂದು ಡಬ್ಬಿ ತನ್ನಿ. ಹೋಲಿಕೆಗೆ ಆರ್10 ಅಥವಾ ಫಿನಾಲೆಯದು ಒಂದು ಡಬ್ಬಿ ಇರಲಿ. ಬೆಲೆಯನ್ನು ಡಬ್ಬಿಗಲ್ಲ, ಪೆಲೆಟ್‌ಗೆ ಇಷ್ಟು ಅಂತ ನೋಡಿ. ಕೆಲವು ಡಬ್ಬಿಯಲ್ಲಿ 500 ಇರುವುದಿಲ್ಲ. ತಲೆ ಚಪ್ಪಟೆಯಾಗಿರುವ ವಾಡ್‌ಕಟರ್ ಮಾತ್ರ ತೆಗೆದುಕೊಳ್ಳಿ, ಕಾಗದದಲ್ಲಿ ದುಂಡಗೆ ತೂತು ಕೊರೆಯುವುದು ಅದೇ. ಚೂಪು ಮೂತಿಯದ್ದು ಹರಿಯುತ್ತದೆ. ರೈಫಲ್‌ಗೆ ಸಾಮಾನ್ಯವಾಗಿ 0.53 ಗ್ರಾಂ ತೂಕದ್ದು. 0.45 ಗ್ರಾಂ ಹಗುರದ್ದನ್ನು ಪಿಸ್ತೂಲಿಗೆಂದು ಮಾರುತ್ತಾರೆ, ರೈಫಲ್‌ಗೆ ನಿಷಿದ್ಧವೇನಲ್ಲ.

4.49, 4.50 ಎನ್ನುವುದು ತಲೆಯ ವ್ಯಾಸ. ಯಾವುದು ಮೇಲು ಎಂಬ ಪ್ರಶ್ನೆಯೇ ಇಲ್ಲ, ಯಾವುದು ಒಗ್ಗುತ್ತದೋ ಅದನ್ನು ನಿಮ್ಮ ಬ್ಯಾರೆಲ್ಲೇ ಹೇಳಬೇಕು. ಒಂದೇ ಕಂಪನಿಯ ಒಂದೇ ಮಾಡೆಲ್ಲಿನ ಎರಡು ರೈಫಲ್‌ಗಳಿಗೆ ಬೇರೆ ಬೇರೆ ಸೈಜ್ ಒಗ್ಗಬಹುದು. ಆಯ್ಕೆ ಇಲ್ಲದಿದ್ದರೆ 4.50ರಿಂದ ಶುರುಮಾಡಿ.

ಪರೀಕ್ಷೆ ಹೀಗೆ: ಬೆಂಚಿನ ಮೇಲೆ ಮರಳು ಚೀಲ, ಅದರ ಮೇಲೆ ರೈಫಲ್‌ನ ಮುಂಭಾಗ. ಬ್ಯಾರೆಲ್ ಚೀಲಕ್ಕೆ ತಾಗಬಾರದು. ಪೆಲೆಟ್ ಬದಲಿಸಿದಾಗಲೆಲ್ಲ ಮೊದಲ 15–20 ಗುಂಡು ಲೆಕ್ಕಕ್ಕಿಲ್ಲ, ಹಳೆಯ ಪೆಲೆಟ್‌ನ ಸೀಸದ ಪದರ ಹೋಗಿ ಹೊಸದು ಕೂರಬೇಕು. ನಂತರ ಪ್ರತಿ ಪೆಲೆಟ್‌ಗೆ 10 ಗುಂಡಿನ ಐದು ಗ್ರೂಪ್, ಹೊಸ ಹೊಸ ಕಾರ್ಡಿನ ಮೇಲೆ. ಐದರ ಸರಾಸರಿ ತೆಗೆಯಿರಿ. ಮೂರು ಗುಂಡು ಒಂದೇ ತೂತಿಗೆ ಹೋಯಿತು ಅಂತ ಫೋಟೋ ಹಾಕುವವರನ್ನು ನಂಬಬೇಡಿ, ಮೂರರಿಂದ ಏನೂ ತಿಳಿಯುವುದಿಲ್ಲ. ಸರಾಸರಿಯಲ್ಲಿ ಅರ್ಧ ಮಿ.ಮೀ. ವ್ಯತ್ಯಾಸವಿದ್ದರೆ ಎರಡೂ ಒಂದೇ ಅಂದುಕೊಂಡು ಅಗ್ಗದ್ದನ್ನು ತೆಗೆದುಕೊಳ್ಳಿ. ಎ4 ಹಾಳೆಯ ಪ್ರಿಂಟ್ ಬೇಡ, ತೂತು ಹರಿದು ಅಳತೆ ಸಿಗುವುದಿಲ್ಲ. ಗಟ್ಟಿ ಟಾರ್ಗೆಟ್ ಕಾರ್ಡೇ ಬೇಕು.

ಗೆದ್ದ ಪೆಲೆಟ್ ಸಿಕ್ಕ ಮೇಲೆ ಡಬ್ಬಿಯ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ) ನೋಡಿ, ಅದೇ ಲಾಟ್‌ನದು ಆರು ತಿಂಗಳಿಗಾಗುವಷ್ಟು ಒಟ್ಟಿಗೆ ಕೊಳ್ಳಿ. ಹೆಸರು ಅದೇ ಇದ್ದರೂ ಲಾಟ್ ಬೇರೆಯಾದರೆ ಫಲಿತಾಂಶವೂ ಬದಲಾಗಬಹುದು.

ಕೇಳದಿದ್ದರೂ ಒಂದು ಮಾತು. ಸೆಕೆಂಡ್ ಹ್ಯಾಂಡ್ ಅಂದಿರಿ, ಗಾಳಿಯ ಸಿಲಿಂಡರ್ ಮೇಲೆ ಕೆತ್ತಿರುವ ತಾರೀಖು ನೋಡಿ. ಹತ್ತು ವರ್ಷ ದಾಟಿದ್ದರೆ ಪೆಲೆಟ್‌ಗಿಂತ ಮೊದಲು ಸಿಲಿಂಡರ್ ಬದಲಿಸಿ. ಸ್ಪರ್ಧೆಯಲ್ಲಿ ಅವಧಿ ಮೀರಿದ್ದು ನಡೆಯುವುದಿಲ್ಲ, ಅದಕ್ಕಿಂತ ಹೆಚ್ಚಾಗಿ 200 ಬಾರ್ ಒತ್ತಡ ಮಗುವಿನ ಮುಖದ ಹತ್ತಿರ ಇರುತ್ತದೆ.

ಪ್ರಶ್ನೆ (ಹುಬ್ಬಳ್ಳಿ): ಸರ್, ನಮ್ಮದು ಬ್ಯಾರೆಲ್ ಮಡಚೋ ಸ್ಪ್ರಿಂಗ್ ರೈಫಲ್ ರೀ. ಮ್ಯಾಚ್ ಪೆಲೆಟ್ ಹಾಕಿದ್ರೂ 10 ಗುಂಡು 30 ಮಿ.ಮೀ. ಹರಡ್ತಾವ. ಪೆಲೆಟ್ ಬದಲಿ ಮಾಡ್ಲೇನ್ರೀ?

ಉತ್ತರ: ಈಗಲೇ ಬೇಡ ರೀ. ಮೊದಲು ಸ್ಟಾಕ್‌ನ (ರೈಫಲ್‌ನ ಹಿಡಿಯುವ ಭಾಗ) ಸ್ಕ್ರೂಗಳನ್ನು ಬಿಗಿ ಮಾಡಿ, ಸ್ಪ್ರಿಂಗ್ ಹೊಡೆತಕ್ಕೆ ಅವು ಸಡಿಲಾಗುತ್ತಲೇ ಇರುತ್ತವೆ. ಆಮೇಲೆ ಹಿಡಿತ. ಪೆಲೆಟ್ ಬ್ಯಾರೆಲ್ ದಾಟುವ ಮೊದಲೇ ರೈಫಲ್ ಒದೆಯುತ್ತದೆ. ಗಟ್ಟಿಯಾಗಿ ಅದುಮಿ ಹಿಡಿದರೆ, ಅಥವಾ ನೇರ ಗಟ್ಟಿ ವಸ್ತುವಿನ ಮೇಲೆ ಇಟ್ಟರೆ, ಪ್ರತಿ ಸಲ ಬೇರೆ ದಿಕ್ಕಿಗೆ ನೆಗೆಯುತ್ತದೆ. ಎಡ ಅಂಗೈ ಬಿಚ್ಚಿ, ಪ್ರತಿ ಗುಂಡಿಗೂ ಅದೇ ಜಾಗದಲ್ಲಿ ಸಡಿಲವಾಗಿ ಹೊತ್ತುಕೊಳ್ಳಿ. ಗ್ರೂಪ್ ಅರ್ಧಕ್ಕಿಳಿದರೂ ಆಶ್ಚರ್ಯವಿಲ್ಲ. ಪೆಲೆಟ್ ಪರೀಕ್ಷೆ ಅದಾದ ಮೇಲೆ.

ಸ್ಟೀಲ್ ಬಿಬಿ (ಉಕ್ಕಿನ ಪುಟ್ಟ ಗುಂಡು) ಹಾಕಲೇಬೇಡಿ, ಬ್ಯಾರೆಲ್ ಒಳಗಿನ ಗೀರುಗಳು ಸವೆದು ಹೋಗುತ್ತವೆ. ಪೆಲೆಟ್ ಇಲ್ಲದೆ ಖಾಲಿ ಹೊಡೆಯಬೇಡಿ, ಮುಂದೆ ಗಾಳಿಗೆ ತಡೆ ಇಲ್ಲದೆ ಪಿಸ್ಟನ್ ಹೋಗಿ ಬಡಿದು ಸೀಲ್ ಹಾಳಾಗುತ್ತದೆ. ಒಮ್ಮೆ ಹೊಡೆದ ಪೆಲೆಟ್ ಹೆಕ್ಕಿ ಮತ್ತೆ ಹಾಕುವವರೂ ಇದ್ದಾರೆ. ಆಕಾರ ಕೆಟ್ಟ ಸೀಸ ಬ್ಯಾರೆಲ್‌ನಲ್ಲೇ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ (ಮಂಗಳೂರು, ಮೊದಲು ಕೇಳಿದವರು): ಧನ್ಯವಾದ ಸರ್. ಕಳೆದ ಮಳೆಗಾಲದಲ್ಲಿ ತಂದ ಒಂದು ಡಬ್ಬಿಯಲ್ಲಿ ಬಿಳಿ ಪುಡಿ ಬಂದಿದೆ. ಒರೆಸಿ ಬಳಸಬಹುದಾ? ಎಣ್ಣೆ ಹಚ್ಚಿ ಅಂದರು ಒಬ್ಬರು.

ಉತ್ತರ: ಬೇಡ. ಅದು ತೇವಕ್ಕೆ ಸೀಸ ಕೆಟ್ಟು ಬಂದ ಪುಡಿ, ವಿಷ. ಒರೆಸುವಾಗ ಗಾಳಿಗೆ ಎದ್ದು ಉಸಿರಿಗೆ ಹೋಗುತ್ತದೆ. ಪೆಲೆಟ್‌ನ ಅಳತೆಯೂ ಕೆಟ್ಟಿರುತ್ತದೆ. ಆ ಡಬ್ಬಿಯನ್ನು ಮುಚ್ಚಿ ಪಕ್ಕಕ್ಕಿಡಿ. ಎಣ್ಣೆಯಂತೂ ಖಂಡಿತ ಬೇಡ. ಸ್ಪ್ರಿಂಗ್ ರೈಫಲ್‌ನಲ್ಲಿ ಅದು ಒತ್ತಡಕ್ಕೆ ಹೊತ್ತಿಕೊಂಡು ವೇಗ ಏರುಪೇರಾಗುತ್ತದೆ, ನಿಮ್ಮ ರೈಫಲ್‌ನಲ್ಲಿ ಬ್ಯಾರೆಲ್‌ಗೆ ಅಂಟಿ ಕಸ ಹಿಡಿಯುತ್ತದೆ.

ಕರಾವಳಿಯಲ್ಲಿ ಡಬ್ಬಿಯನ್ನು ಗಾಳಿಯಾಡದ ಪ್ಲಾಸ್ಟಿಕ್ ಬಾಕ್ಸ್‌ನಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಅಲ್ಲಾಡಿಸಬೇಡಿ, ಸ್ಕರ್ಟ್ ಅಂದರೆ ಹಿಂದಿನ ತೆಳು ಅಂಚು ಸೊಟ್ಟಗಾಗುತ್ತದೆ. ಸೊಟ್ಟಗಿದ್ದರೆ ಗಾಳಿ ಒಂದು ಕಡೆಯಿಂದ ಸೋರಿ ಗುಂಡು ಪಕ್ಕಕ್ಕೆ ಹೋಗುತ್ತದೆ. ತುಂಬುವ ಮುಂಚೆ ಮಗಳು ಪ್ರತಿ ಪೆಲೆಟ್‌ನ ಹಿಂಭಾಗ ಒಮ್ಮೆ ನೋಡಲಿ, ಎರಡು ಸೆಕೆಂಡಿನ ಕೆಲಸ. ತೂಕ ಮಾಡುವ ತಕ್ಕಡಿಗೆಲ್ಲ ಈಗ ದುಡ್ಡು ಹಾಕಬೇಡಿ.

ಪೆಲೆಟ್ ಬಾಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಮಕ್ಕಳಿಗೆ ಬೇಗ ಹತ್ತುತ್ತದೆ, ಬಿಡಿಸಿ. ಪ್ರಾಕ್ಟೀಸ್ ಮುಗಿದ ಕೂಡಲೇ ಸೋಪಿನಲ್ಲಿ ಕೈ ತೊಳೆದು ಆಮೇಲೆ ತಿಂಡಿ. ಟ್ರ್ಯಾಪ್ (ಹೊಡೆದ ಪೆಲೆಟ್ ಹಿಡಿಯುವ ಪೆಟ್ಟಿಗೆ) ಹತ್ತಿರ ಪೊರಕೆ ಆಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಅದರಲ್ಲಿ ಸೇರಿದ ಸೀಸವನ್ನು, ಆ ಕೆಟ್ಟ ಡಬ್ಬಿಯ ಸಮೇತ, ಮುಚ್ಚಿದ ಡಬ್ಬದಲ್ಲಿ ಗುಜರಿಗೆ ಕೊಡಬಹುದು. ಮನೆಯಲ್ಲಿ ಕರಗಿಸಲು ಮಾತ್ರ ಹೋಗಬೇಡಿ.