ನಕ್ಷತ್ರದ ಚಾರ್ಟ್‌ನಿಂದ ಮಕ್ಕಳ ನಡತೆ ಸುಧಾರಿಸುತ್ತದೆಯೇ?

ಪ್ರಶ್ನೆ – ಮೂರನೇ ತರಗತಿಯ ಶಿಕ್ಷಕಿ

ತರಗತಿಯ ಗೋಡೆಗೆ ಎಲ್ಲ ಮಕ್ಕಳ ಹೆಸರಿರುವ ಚಾರ್ಟ್ ಹಾಕಿ, ಒಳ್ಳೆಯ ನಡತೆ ತೋರಿದವರ ಹೆಸರಿನ ಮುಂದೆ ನಕ್ಷತ್ರ ಅಂಟಿಸುವ ಪದ್ಧತಿಯನ್ನು ಈ ವರ್ಷ ಆರಂಭಿಸಿದ್ದೇನೆ. ಮೊದಮೊದಲು ಎಲ್ಲರಲ್ಲೂ ಉತ್ಸಾಹವಿತ್ತು. ಈಗ ಕೆಲವರ ಸಾಲು ತುಂಬಿ ತುಳುಕುತ್ತಿದೆ; ಸದಾ ಗಲಾಟೆ ಮಾಡುವ ನಾಲ್ಕೈದು ಮಕ್ಕಳ ಸಾಲು ಬಹುತೇಕ ಖಾಲಿಯಿದ್ದು, ಅವರು ಚಾರ್ಟಿನ ಕಡೆ ನೋಡುವುದನ್ನೇ ಬಿಟ್ಟಿದ್ದಾರೆ. ಪುಸ್ತಕ ಹಂಚಲು ಹೇಳಿದರೆ "ಮಿಸ್, ಸ್ಟಾರ್ ಕೊಡ್ತೀರಾ?" ಎಂದು ಮೊದಲೇ ಕೇಳುವವರೂ ಹುಟ್ಟಿಕೊಂಡಿದ್ದಾರೆ. ಗದರಿಸದೆ, ಆಮಿಷವನ್ನೂ ಒಡ್ಡದೆ ಮುಂದುವರಿಯುವುದು ಹೇಗೆ?

ಉತ್ತರ 1 – ಶಿಕ್ಷಕರ ತರಬೇತುದಾರ

ಮೇಡಂ, ನೀವು ಹೇಳಿರುವುದರಲ್ಲಿ ಎರಡು ಬೇರೆ ಬೇರೆ ಸಮಸ್ಯೆಗಳಿವೆ. ಸ್ಟಾರ್ ಕೇಳುವ ಮಕ್ಕಳ ವಿಷಯಕ್ಕೆ 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಪ್ರಕಟಿಸಿದ ಪ್ರಯೋಗ ನೆನಪಾಗುತ್ತದೆ. ಚಿತ್ರ ಬಿಡಿಸುವುದನ್ನು ಮೊದಲೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ಪ್ರಶಸ್ತಿಪತ್ರ ಕೊಡುವುದಾಗಿ ಮುಂಚಿತವಾಗಿಯೇ ಹೇಳಲಾಗಿತ್ತು. ಆಮೇಲೆ ಬಿಡುವಿನ ವೇಳೆಯಲ್ಲಿ ಗಮನಿಸಿದಾಗ ಆ ಮಕ್ಕಳು ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬಿಡಿಸಿದರು. ಆದರೆ ನಿರೀಕ್ಷೆಯಿಲ್ಲದೆ ಅದೇ ಪತ್ರ ಪಡೆದವರಲ್ಲಿ ಆ ಕುಸಿತ ಕಾಣಲಿಲ್ಲ. ಹಾಗಾಗಿ ಮಕ್ಕಳು ತಾವಾಗಿಯೇ ಖುಷಿಯಿಂದ ಮಾಡುವ ಕೆಲಸಕ್ಕೆ ಮುಂಗಡವಾಗಿ ಬಹುಮಾನ ಘೋಷಿಸುವುದನ್ನು ಬಿಡುವುದು ಒಳ್ಳೆಯದು.

ಖಾಲಿ ಸಾಲಿನ ಸಮಸ್ಯೆ ಇನ್ನೂ ಗಂಭೀರವಾದದ್ದು. ಇಡೀ ದಿನ ಶಿಸ್ತಾಗಿದ್ದರೆ ಮಾತ್ರ ನಕ್ಷತ್ರ ಎಂದಾದರೆ, ಮೊದಲ ಪೀರಿಯಡ್‌ನಲ್ಲೇ ಎಡವಿದ ಮಗುವಿಗೆ ಉಳಿದ ದಿನ ಪ್ರಯತ್ನಿಸಲು ಕಾರಣವೇ ಇರುವುದಿಲ್ಲ. ಅಂಥ ಮಗುವಿಗೆ ಹತ್ತು ನಿಮಿಷದ ಗುರಿ ಸಾಕು.

ಉತ್ತರ 2 – ನಿವೃತ್ತ ಮುಖ್ಯೋಪಾಧ್ಯಾಯಿನಿ

ಚಾರ್ಟಿಗಿಂತ ನಿಮ್ಮ ಮಾತಿಗೇ ಹೆಚ್ಚು ಬಲವಿದೆ ಎಂಬುದು ನನ್ನ ಅಭಿಪ್ರಾಯ. 1968ರಲ್ಲಿ ಮ್ಯಾಡ್ಸನ್, ಬೆಕರ್ ಮತ್ತು ಥಾಮಸ್ ನಡೆಸಿದ ಅಧ್ಯಯನದಲ್ಲಿ ತರಗತಿಗೆ ಬರಿದೇ ನಿಯಮಗಳನ್ನು ತಿಳಿಸಿದ್ದರಿಂದ ಹೆಚ್ಚಿನ ಬದಲಾವಣೆಯೇನೂ ಆಗಲಿಲ್ಲ. ಸಣ್ಣಪುಟ್ಟ ತಂಟೆಗಳನ್ನು ಕಂಡೂ ಕಾಣದಂತಿದ್ದು, ಸರಿಯಾದ ನಡತೆಯನ್ನು ಮೆಚ್ಚಿಕೊಂಡಾಗ ಫಲ ಸಿಕ್ಕಿತು. ಮೆಚ್ಚುಗೆ ಎಂದರೆ ಎಲ್ಲರಿಗೂ "ಗುಡ್, ವೆರಿಗುಡ್" ಎಂದು ಹಂಚುವುದಲ್ಲ. "ಅವನು ಮಾತು ಮುಗಿಸುವವರೆಗೆ ನೀನು ಕಾದೆ, ಹಾಗಾಗಿ ಅವನ ಉತ್ತರ ನಮಗೆಲ್ಲ ಕೇಳಿಸಿತು" ಎಂದರೆ ತಾನು ಮಾಡಿದ್ದೇನು, ಅದರಿಂದ ಆದದ್ದೇನು ಎಂಬೆರಡೂ ಮಗುವಿಗೆ ತಿಳಿಯುತ್ತವೆ. ಎಲ್ಲರೆದುರು ಹೊಗಳಿಸಿಕೊಳ್ಳಲು ಸಂಕೋಚಪಡುವ ಮಗುವಿದ್ದರೆ ಬೆಂಚಿನ ಬಳಿ ಬಗ್ಗಿ ಮೆಲ್ಲಗೆ ಹೇಳಿ. ಹೊಡೆದಾಟ, ಹೀಯಾಳಿಕೆಗಳನ್ನು ಮಾತ್ರ ಕಾಣದಂತೆ ಬಿಡುವ ಹಾಗಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಒಬ್ಬೊಬ್ಬರ ಹೆಸರಿನ ಬದಲು ಗುಂಪುಗಳಿಗೆ ಅಂಕ ಕೊಡುವುದು ಸರಿಯೇ?

ಉತ್ತರ 3 – ಐದನೇ ತರಗತಿಯ ಶಿಕ್ಷಕ

ಗುಂಪಿನ ಆಟಕ್ಕೆ ಹಳೆಯ ಮಾದರಿಯೇ ಇದೆ. ಬ್ಯಾರಿಶ್, ಸಾಂಡರ್ಸ್ ಮತ್ತು ವುಲ್ಫ್ 1969ರಲ್ಲಿ ವಿವರಿಸಿದ ಪದ್ಧತಿಯಲ್ಲಿ ನಾಲ್ಕನೇ ತರಗತಿಯನ್ನು ಎರಡು ತಂಡ ಮಾಡಿ, ಯಾರಾದರೂ ನಿಯಮ ಮುರಿದಾಗ ಅವರ ತಂಡದ ಹೆಸರಿನಡಿ ಬೋರ್ಡಿನ ಮೇಲೆ ಒಂದು ಗೀಟು ಹಾಕುತ್ತಿದ್ದರು. ಗೀಟುಗಳು ನಿಗದಿತ ಮಿತಿಯೊಳಗೆ ಉಳಿದರೆ ಎರಡೂ ತಂಡಗಳು ಗೆಲ್ಲಬಹುದಿತ್ತು. ಈ ಅಂಶವನ್ನು ಬಿಟ್ಟರೆ ಆಟ ಬರಿಯ ಪೈಪೋಟಿಯಾಗುತ್ತದೆ. ತಂಡ ಸೋತಾಗ ಎಲ್ಲರೂ ಒಂದೇ ಮಗುವಿನ ಮೇಲೆ ಮುಗಿಬೀಳುವ ಅಪಾಯವಿರುವುದರಿಂದ, ನನ್ನ ತರಗತಿಯಲ್ಲಿ ನಾನು ಗೀಟನ್ನು ತಪ್ಪಿಗೆ ಹಾಕದೆ, ಎಲ್ಲರೂ ಸಮಯಕ್ಕೆ ಸರಿಯಾಗಿ ಪುಸ್ತಕ ತೆರೆದಂಥ ಸಂದರ್ಭಗಳಿಗೆ ಹಾಕುತ್ತೇನೆ. ಬಹುಮಾನವೂ ವಸ್ತುವಲ್ಲ, ಸ್ವಲ್ಪ ಹೆಚ್ಚು ಆಟದ ಹೊತ್ತು ಅಥವಾ ಅವರೇ ಆರಿಸಿದ ಒಂದು ಕಥೆ.

ಉತ್ತರ 1 ಬರೆದವರು

ಒಂದು ಮಾತು ಸೇರಿಸುತ್ತೇನೆ. ಆ ನಾಲ್ಕೈದು ಮಕ್ಕಳ ಗಲಾಟೆ ಯಾವ ಪಾಠದಲ್ಲಿ, ಯಾವ ಹೊತ್ತಿನಲ್ಲಿ ಆರಂಭವಾಗುತ್ತದೆ ಎಂಬುದನ್ನು ಒಂದು ವಾರ ಬರೆದಿಡಿ. ಬೋರ್ಡು ಸರಿಯಾಗಿ ಕಾಣದ, ಓದಲು ಇನ್ನೂ ತಡವರಿಸುವ ಮಗು ಬರೆಯುವ ಕೆಲಸ ಕೊಟ್ಟ ಕೂಡಲೇ ಪಕ್ಕದವರನ್ನು ಚುಚ್ಚತೊಡಗುವುದುಂಟು. ಅಲ್ಲಿ ನಕ್ಷತ್ರವೂ ಹೊಗಳಿಕೆಯೂ ಕೆಲಸಕ್ಕೆ ಬಾರದು, ಕಣ್ಣಿನ ತಪಾಸಣೆ ಅಥವಾ ಓದಿನ ನೆರವು ಬೇಕಾಗುತ್ತದೆ. ಚಾರ್ಟನ್ನು ರಾತ್ರೋರಾತ್ರಿ ಕಿತ್ತುಹಾಕಬೇಡಿ. ಗಳಿಸಿದ ನಕ್ಷತ್ರಗಳನ್ನು ಮಕ್ಕಳು ತಮ್ಮದೆಂದೇ ಭಾವಿಸಿರುತ್ತಾರೆ. ಈ ತಿಂಗಳ ಸಾಲು ಮುಗಿಯಲಿ, ಮುಂದಿನದನ್ನು ಅವರೊಂದಿಗೇ ಕುಳಿತು ತೀರ್ಮಾನಿಸಿ.