ಹಾಸ್ಟೆಲ್ ಮೆಸ್‌ನಲ್ಲಿ ರಂಜಾನ್: ಸಹರಿ, ಇಫ್ತಾರ್, ಗೇಟ್ ಟೈಮ್ ಹೇಗೆ ಹೊಂದಿಸೋದು? (ಹಾಸನ)

ಪ್ರಶ್ನೆ: ವಾರ್ಡನ್, ಹಾಸನ

ಎಲ್ಲರಿಗೂ ನಮಸ್ಕಾರ. ಹಾಸನದ ಒಂದು ಕಾಲೇಜು ಹಾಸ್ಟೆಲ್‌ನ ಜವಾಬ್ದಾರಿ ನನ್ನದು. ಹುಡುಗರು, ಹುಡುಗಿಯರು ಎರಡೂ ಬ್ಲಾಕ್ ಸೇರಿ ರೋಜಾ (ಹಗಲು ಉಪವಾಸ) ಇಡುವವರು 40 ಜನ. 2027ರ ರಂಜಾನ್ ಫೆಬ್ರವರಿ ಎರಡನೇ ವಾರದಲ್ಲಿ ಶುರುವಾಗಬೇಕು, ಚಂದ್ರ ಕಂಡ ಮೇಲೆ ದಿನ ಖಚಿತವಾಗುತ್ತೆ. ಸರಿಯಾಗಿ ಇಂಟರ್ನಲ್ಸ್ ಹೊತ್ತು. ಮೆಸ್‌ನಲ್ಲಿ ತಿಂಡಿ 7.30ಕ್ಕೆ, ರಾತ್ರಿ ಊಟ 8ಕ್ಕೆ, ಗೇಟ್ ಬಂದ್ 8.30ಕ್ಕೆ. ಅಡುಗೆಯವರು ಇಬ್ಬರೇ, ಹೆಚ್ಚಿನ ದುಡ್ಡಿಲ್ಲ. ರಾತ್ರಿಯೇ ಅನ್ನ ಸಾರು ಮಾಡಿ ಮುಚ್ಚಿಟ್ಟರೆ ಬೆಳಗಿನ ಜಾವ ರೋಜಾಕ್ಕೆ ಮುಂಚಿನ ಊಟಕ್ಕೆ, ಅಂದರೆ ಸಹರಿಗೆ, ಆಗುತ್ತಾ? ಮಕ್ಕಳು ಬಿಸ್ಕತ್ತು ತಿಂದು ರೋಜಾ ಇಡೋ ಹಾಗೆ ಆಗಬಾರದು, ಅದಕ್ಕೇ ಕೇಳ್ತಿದ್ದೀನಿ.

ಉತ್ತರ 1: ಮೆಸ್ ಸೂಪರ್‌ವೈಸರ್

ಸರ್, ರಾತ್ರಿ ಮಾಡಿಟ್ಟ ಅನ್ನ ಬೇಡವೇ ಬೇಡ. 9 ಗಂಟೆಗೆ ಬೆಂದ ಅನ್ನ ಹೊರಗಿದ್ದರೆ 4.30ರ ಹೊತ್ತಿಗೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಟ್ಟಿರಬಹುದು. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗಲ್ಲ. ರೋಜಾ ಹೊತ್ತಲ್ಲಿ ವಾಂತಿ ಶುರುವಾದರೆ ಮಕ್ಕಳ ಗತಿ ಏನು? ಕಾಯಿ ರುಬ್ಬಿ ಹಾಕಿದ ಸಾರೂ ಅಷ್ಟೇ, ಬೇಗ ಹಳಸುತ್ತೆ.

ನಮ್ಮ ಕಡೆಗೆ ಹೊಂದೋದು ಮುದ್ದೆ. 40 ಮುದ್ದೆಗೆ ರಾಗಿ ಹಿಟ್ಟು 4 ಕೆಜಿ, ನೀರು 8 ಲೀಟರ್. ನೀರು ಕುದಿಯೋಕೆ ಇಟ್ಟ ಮೇಲೆ ಒಬ್ಬರೇ ಮುಕ್ಕಾಲು ಗಂಟೆಯಲ್ಲಿ ಮುಗಿಸಬಹುದು. 120 ಚಪಾತಿಗಾದರೆ ಒಬ್ಬರಿಗೆ ಒಂದೂವರೆ ಗಂಟೆ ಮೇಲೆ ಹಿಡಿಯುತ್ತೆ. ಬೇಳೆಗೆ ಹಿಂದಿನ ರಾತ್ರಿ ನೀರು ಹಾಕಿ, ಸೊಪ್ಪು ಬಿಡಿಸಿಟ್ಟರೆ ಕುಕ್ಕರ್‌ನಲ್ಲಿ ಸೊಪ್ಪಿನ ಸಾರು ಆ ಹೊತ್ತಿಗೇ ಆಗುತ್ತೆ. ತೊಗರಿಬೇಳೆ ಒಂದೂವರೆ ಕೆಜಿ ಸಾಕು. ತಲೆಗೊಂದು ಮೊಟ್ಟೆ, ಒಂದು ಬಾಳೆಹಣ್ಣು, 100 ಮಿಲಿ ಮೊಸರು. ಮುದ್ದೆ ಒಗ್ಗದವರಿಗೆ ವಾರಕ್ಕೆ ಎರಡು ದಿನ ಚಪಾತಿ ಇಟ್ಟುಕೊಳ್ಳಿ, ಹಿಟ್ಟು ರಾತ್ರಿಯೇ ಕಲಸಿ ಫ್ರಿಜ್‌ನಲ್ಲಿಡಿ. ಉಪ್ಪಿನಕಾಯಿ, ಹಪ್ಪಳ ಆ ಹೊತ್ತಿಗೆ ಬಡಿಸಬೇಡಿ, ಮಧ್ಯಾಹ್ನ ಬಾಯಾರಿಕೆ ತಡೆಯೋಕಾಗಲ್ಲ.

ಕೆಲಸದವರ ಲೆಕ್ಕ: ಮಧ್ಯಾಹ್ನ 40 ಊಟ ಕಮ್ಮಿ ಆಗುತ್ತಲ್ಲ, ಒಬ್ಬರನ್ನು ಅಲ್ಲಿಂದ ಬಿಡಿಸಿ 3.30ರಿಂದ 6ರ ಪಾಳಿಗೆ ಹಾಕಿ. ವಾರಕ್ಕೊಮ್ಮೆ ಇಬ್ಬರೂ ಅದಲು ಬದಲಾಗಲಿ, ಇಲ್ಲದಿದ್ದರೆ ಎರಡನೇ ವಾರಕ್ಕೆ ಒಬ್ಬರು ಕೈ ಎತ್ತುತ್ತಾರೆ. ಸಹರಿಯನ್ನು ತಿಂಡಿಯ ಲೆಕ್ಕಕ್ಕೆ ಹಿಡಿಯಿರಿ, ಉಳಿದ ಮಧ್ಯಾಹ್ನದೂಟದ ದುಡ್ಡಲ್ಲಿ ಹಣ್ಣು, ಖರ್ಜೂರ ಬರುತ್ತೆ. ಊಟ ಬಿಟ್ಟವರಿಂದ ಸಂಜೆ ರೋಜಾ ಬಿಡುವಾಗಿನ ಇಫ್ತಾರ್‌ಗೆ ಬೇರೆ ದುಡ್ಡು ಕೇಳೋದು ನ್ಯಾಯ ಅಲ್ಲ.

ಉತ್ತರ 2: ಚಿಕ್ಕಮಗಳೂರಿನಿಂದ

ಮೆಸ್ ವಿಷಯ ಅಣ್ಣ ಹೇಳಿದ್ದು ಸರಿ. ನಾನು ವೇಳೆ ಬಗ್ಗೆ ಹೇಳ್ತೀನಿ, ಏಕೆಂದರೆ ಹೆಚ್ಚು ಕಡೆ ಎಡವೋದು ಅಲ್ಲೇ.

ಬೆಂಗಳೂರಿನಲ್ಲಿ ಅಚ್ಚಾದ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಬೇಡಿ. ಹಾಸನದಲ್ಲಿ ಸೂರ್ಯ ಮುಳುಗೋದು ಬೆಂಗಳೂರಿಗಿಂತ ಸುಮಾರು 6 ನಿಮಿಷ ತಡ, ಚಿಕ್ಕಮಗಳೂರಲ್ಲಿ 7 ನಿಮಿಷ. ಬೆಂಗಳೂರಿನ ಟೈಮ್‌ಗೆ ರೋಜಾ ಬಿಟ್ಟರೆ ಇಲ್ಲಿ ಹೊತ್ತು ಇನ್ನೂ ಮುಳುಗಿರಲ್ಲ, ಇಡೀ ದಿನದ ರೋಜಾ ಕೆಡುತ್ತೆ. ಸಹರಿಗೆ ಆ ಪಟ್ಟಿ ಹಿಡಿದರೆ ಕೆಲವು ನಿಮಿಷ ಮೊದಲೇ ನಿಲ್ಲಿಸಿದಂತೆ, ಅದರಿಂದ ತೊಂದರೆ ಇಲ್ಲ. ಟಿವಿಯಲ್ಲಿ ಬರೋ ಅಜಾನ್ ಕೂಡ ನಂಬಬೇಡಿ, ಹತ್ತಿರದ ಮಸೀದಿಯ ಪಟ್ಟಿ ತನ್ನಿ. ನಮ್ಮ ಚಿಕ್ಕಮಗಳೂರಿನವರಿಗೆ ಇನ್ನೊಂದು ಮಾತು: ಸೂರ್ಯ ಗುಡ್ಡದ ಹಿಂದೆ ಮರೆಯಾದದ್ದು ಸೂರ್ಯಾಸ್ತ ಅಲ್ಲ.

2027ರಲ್ಲಿ ಹಾಸನದ ಮಟ್ಟಿಗೆ ಸಹರಿ ಮುಗಿಯೋದು ತಿಂಗಳ ಮೊದಲಲ್ಲಿ 5.35ರ ಆಸುಪಾಸು, ಕೊನೆಗೆ 5.25ರ ಹತ್ತಿರ. ರೋಜಾ ಬಿಡೋದು 6.30ರಿಂದ 6.35ರ ಒಳಗೆ. ಹಾಗಾಗಿ 4.30ಕ್ಕೆ ಬಡಿಸೋಕೆ ಶುರು, 5.15ಕ್ಕೆ ಮುಗಿಯಬೇಕು. ಎಬ್ಬಿಸೋಕೆ ಮೈಕ್ ಬೇಡ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗಡೆ ಧ್ವನಿವರ್ಧಕ ಹಾಕುವಂತಿಲ್ಲ, ಪಕ್ಕದ ಹಾಸಿಗೆಯಲ್ಲಿ ಮಲಗಿದವರಿಗೂ ನಿದ್ದೆ ಬೇಕಲ್ಲ. ಮಹಡಿಗೊಬ್ಬರು ಹೋಗಿ ಬಾಗಿಲು ತಟ್ಟಿದರೆ ಸಾಕು.

ಇಫ್ತಾರ್ ತಟ್ಟೆಗಳು 6.15ಕ್ಕೇ ಮೇಜಿನ ಮೇಲಿರಲಿ. ರೋಜಾ ಬಿಡೋದನ್ನ ತಡ ಮಾಡಬಾರದು, ಕ್ಯೂನಲ್ಲಿ ನಿಲ್ಲಿಸಿದರೆ ಮಗ್ರಿಬ್ (ಸೂರ್ಯ ಮುಳುಗಿದ ಮೇಲಿನ) ನಮಾಜಿಗೂ ತಡ ಆಗುತ್ತೆ. ತಲೆಗೆ 3 ಖರ್ಜೂರ ಅಂದರೆ 120, ಸಣ್ಣ ಜಾತಿಯದಾದರೆ ಒಂದು ಕೆಜಿ ಸುಮಾರು. ಗಂಜಿಗೆ ಅಕ್ಕಿ 1 ಕೆಜಿ, ಹೆಸರುಬೇಳೆ ಕಾಲು ಕೆಜಿ, ಒಂದು ಚಮಚ ಮೆಂತ್ಯ, ನೀರು 10 ಲೀಟರ್. ತಳ ಹಿಡಿಯದ ಹಾಗೆ ತಿರುವುತ್ತಿರಬೇಕು. ಕೆಳಗಿಳಿಸಿದ ಮೇಲೂ ಗಟ್ಟಿಯಾಗುತ್ತಲೇ ಹೋಗುತ್ತೆ, ತೆಳು ಮಾಡೋಕೆ ಎರಡು ಲೀಟರ್ ಬಿಸಿನೀರು ಪಕ್ಕದಲ್ಲಿರಲಿ. ಬಜ್ಜಿ, ಸಮೋಸ ಒಂದೊಂದು ಸಾಕು.

ಗೇಟ್: ಇಶಾ (ರಾತ್ರಿಯ ನಮಾಜು), ತರಾವೀಹ್ (ರಂಜಾನಿನಲ್ಲಿ ಅದರ ನಂತರ ಮಾಡುವ ನಮಾಜು) ಸೇರಿ ಸುಮಾರು ಒಂದೂವರೆ ಗಂಟೆ. 7.45ಕ್ಕೆ ಶುರುವಾದರೂ ವಾಪಸ್ ಬರೋದು 9.30. ದಿನಾ ಒಬ್ಬೊಬ್ಬರ ಹತ್ತಿರ ಅರ್ಜಿ ಬರೆಸಬೇಡಿ. ತಿಂಗಳಿಗೆ ಒಂದೇ ಪಟ್ಟಿ, ಮನೆಯವರ ಒಪ್ಪಿಗೆ ಪತ್ರ, ಗೇಟಲ್ಲಿ ಹೋಗುವಾಗ ಬರುವಾಗ ಸಹಿ. ಕೊನೆಯ ಹತ್ತು ರಾತ್ರಿ, ಅದರಲ್ಲೂ 27ನೇ ರಾತ್ರಿ, ಇನ್ನೂ ತಡವಾಗುತ್ತೆ, ಅದಕ್ಕೆ ಮೊದಲೇ ಬೇರೆ ಅನುಮತಿ ತೆಗೆದುಕೊಳ್ಳಲಿ. ಊಟ 40 ತಟ್ಟೆಯಷ್ಟು ಹಾಟ್‌ಬಾಕ್ಸ್‌ನಲ್ಲಿ 9.45ರವರೆಗೆ ಬಿಸಿಯಾಗಿರಲಿ.

ನಮಾಜಿಗೆ ಒಂದು ಖಾಲಿ ರೂಮು ಸಾಕು, ಒಬ್ಬರಿಗೆ ಎರಡಡಿ ಅಗಲ, ನಾಲ್ಕಡಿ ಉದ್ದ ಲೆಕ್ಕ ಹಾಕಿ. ಖಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡುವ ಮೆಕ್ಕಾದ ದಿಕ್ಕು, ಇಲ್ಲಿಂದ ನೇರ ಪಶ್ಚಿಮ ಅಲ್ಲ, ಪಶ್ಚಿಮದಿಂದ ಸುಮಾರು 19 ಡಿಗ್ರಿ ಉತ್ತರಕ್ಕೆ. ನೆಲದ ಮೇಲೆ ಟೇಪ್ ಅಂಟಿಸಿಬಿಡಿ. ವಜೂಗೆ (ನಮಾಜಿಗೆ ಮೊದಲು ಕೈಕಾಲು, ಮುಖ ತೊಳೆಯೋದಕ್ಕೆ) ಬಾತ್‌ರೂಮಿನ ಕೆಳಗಿನ ನಲ್ಲಿ ಹತ್ತಿರ ಒಂದು ಸ್ಟೂಲ್ ಇಡಿ. ವಾಷ್‌ಬೇಸಿನ್‌ನಲ್ಲಿ ಕಾಲು ತೊಳೆದರೆ ನೆಲವೆಲ್ಲ ನೀರಾಗಿ ಯಾರಾದರೂ ಜಾರುತ್ತಾರೆ.

ಉತ್ತರ 3: ಲೇಡೀಸ್ ಹಾಸ್ಟೆಲ್ ನೋಡಿಕೊಳ್ಳುವವರು

ಸರ್, 40 ಜನ ಅಂತ ಒಂದೇ ಪಟ್ಟಿ ಮಾಡಿ 30 ದಿನಕ್ಕೂ ಅದನ್ನೇ ಹಿಡಿಯಬೇಡಿ. ಮುಟ್ಟಿನ ದಿನಗಳಲ್ಲಿ ಹುಡುಗಿಯರು ರೋಜಾ ಇಡುವಂತಿಲ್ಲ, ಆಮೇಲೆ ಬೇರೆ ದಿನ ತೀರಿಸುತ್ತಾರೆ. ಪಟ್ಟಿಯಲ್ಲಿ ಹೆಸರಿದೆ ಅಂತ ಮಧ್ಯಾಹ್ನ ಬಡಿಸುವವರು "ನಿಂದು ರೋಜಾ ಅಲ್ವೇನಮ್ಮಾ" ಅಂತ ಎಲ್ಲರೆದುರು ಕೇಳಿದರೆ ಆ ಮಗು ಊಟವನ್ನೇ ಬಿಟ್ಟುಬಿಡುತ್ತೆ. ಲೇಡೀಸ್ ಮೆಸ್‌ನಲ್ಲಿ ದಿನಾ ಐದಾರು ಊಟ ಹೆಚ್ಚಿಗೆ ಇರಲಿ, ಯಾರೂ ಏನೂ ಕೇಳಬಾರದು ಅಂತ ಬಡಿಸುವವರಿಗೆ ಮೊದಲೇ ಹೇಳಿ. ರೋಜಾ ಇಡದ ಮುಸ್ಲಿಂ ಹುಡುಗರಿಗೂ ಇದೇ ಮಾತು. ಅದನ್ನು ವಿಚಾರಿಸೋದು ಹಾಸ್ಟೆಲ್ ಕೆಲಸ ಅಲ್ಲ.

ಉತ್ತರ 4: ಸ್ಟಾಫ್ ನರ್ಸ್

ಮೊದಲ ಮೂರು ನಾಲ್ಕು ದಿನ ತಲೆನೋವು ಅಂತ ಬರುವವರಲ್ಲಿ ಬಹಳಷ್ಟು ಜನ ಕಾಫಿ ಕುಡಿಯುವವರು. ನಮ್ಮ ಜಿಲ್ಲೆಗಳಲ್ಲಿ ಹೇಳಬೇಕಾ! ದಿನಕ್ಕೆ ನಾಲ್ಕು ಲೋಟ ಕುಡಿಯುವವರು ಒಂದು ವಾರ ಮೊದಲೇ ಒಂದೊಂದೇ ಲೋಟ ಇಳಿಸಲಿ.

ಟೈಪ್ 1 ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಒಂದು ತಿಂಗಳ ಮುಂಚೆಯೇ ಕಾಣಬೇಕು. ಬೆರಳು ಚುಚ್ಚಿ ಸಕ್ಕರೆ ನೋಡಿದರೆ ರೋಜಾ ಮುರಿಯಲ್ಲ. ಅದು 70ಕ್ಕಿಂತ ಕೆಳಗೆ ಅಥವಾ 300ರ ಮೇಲೆ ಹೋದರೆ ಆಗಲೇ ರೋಜಾ ಬಿಡಬೇಕು. ಜೀವಕ್ಕೆ ಅಪಾಯ ಇದ್ದಾಗ ಬಿಡೋಕೆ ಧರ್ಮದಲ್ಲೇ ಅವಕಾಶ ಇದೆ ಅಂತ ಆ ಮಕ್ಕಳಿಗೆ ಅವರ ಹಿರಿಯರ ಬಾಯಲ್ಲೇ ಹೇಳಿಸಿ, ನಮ್ಮ ಮಾತಿಗಿಂತ ಅದು ನಾಟುತ್ತೆ. ಯಾರಾದರೂ ತಲೆಸುತ್ತಿ ಬಿದ್ದರೆ ಅಂಗಾತ ಮಲಗಿಸಿ ಕಾಲು ಎತ್ತರಿಸಿ. ಪ್ರಜ್ಞೆ ಬರುವ ತನಕ ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ. ಎಚ್ಚರ ಬಂದ ಮೇಲೆ ಓಆರ್‌ಎಸ್. ಒಂದೆರಡು ನಿಮಿಷದಲ್ಲಿ ಎಚ್ಚರ ಆಗದಿದ್ದರೆ 108ಕ್ಕೆ ಫೋನ್ ಮಾಡಿ.

ಉತ್ತರ 5: ಉಪನ್ಯಾಸಕರು, ಹಾಸನ

ವಿಶ್ವವಿದ್ಯಾಲಯದ ಪರೀಕ್ಷೆ ನಮ್ಮ ಕೈಲಿಲ್ಲ, ಇಂಟರ್ನಲ್ಸ್ ಇದೆ. 3 ಗಂಟೆ ಬದಲು ಬೆಳಿಗ್ಗೆ 10ಕ್ಕೆ ಇಡೋಕೆ ವಿಭಾಗದ ಮುಖ್ಯಸ್ಥರಿಗೆ ಈಗಲೇ ಪತ್ರ ಕೊಡಿ, ವೇಳಾಪಟ್ಟಿ ಬಂದ ಮೇಲೆ ಯಾರೂ ಬದಲಾಯಿಸಲ್ಲ. ಮಧ್ಯಾಹ್ನದ ಲ್ಯಾಬ್ ಬ್ಯಾಚಿನವರು ಬೆಳಗಿನ ಬ್ಯಾಚಿಗೆ ಬರೋಕೆ ಅವಕಾಶ ಇರಲಿ. ಸ್ಪೆಷಲ್ ಕ್ಲಾಸ್ 6ಕ್ಕೆ ಮುಗಿಯಲಿ. ಹಬ್ಬ ಚಂದ್ರನ ಮೇಲೆ ನಿಂತಿರೋದರಿಂದ ಮಾರ್ಚ್ 10, 11 ಎರಡೂ ದಿನ ಟೆಸ್ಟ್ ಇಡಬೇಡಿ.

ವಾರ್ಡನ್, ಹಾಸನ

ತುಂಬಾ ಉಪಕಾರ ಆಯ್ತು. ಒಂದೇ ಅನುಮಾನ: ನಮ್ಮಲ್ಲಿ ಕೋಳಿ ಸಾರು ವಾರಕ್ಕೊಮ್ಮೆ. ಅದಕ್ಕೇನು ಮಾಡೋದು? ಆಮೇಲೆ 4 ಗಂಟೆಗೆ ಕರೆಂಟ್ ಹೋದರೆ?

ಮೆಸ್ ಸೂಪರ್‌ವೈಸರ್

ಕೋಳಿ ಹಲಾಲ್ ಅಂಗಡಿಯಿಂದಲೇ ತರಿಸಿ. ಬೇರೆ ಕಡೆಯಿಂದ ತಂದಿದ್ದರೆ ಅವರಿಗೆ ಮುಚ್ಚುಮರೆ ಇಲ್ಲದೆ ಹೇಳಿ ಮೊಟ್ಟೆ ಸಾರು ಕೊಡಿ, ಸೌಟು ಬೇರೆ ಇರಲಿ. ಕರೆಂಟಿಗೆ ಒಂದೇ ಉಪಾಯ, ರಾತ್ರಿ 10ಕ್ಕೆ ಮೋಟಾರ್ ಹಾಕಿ ಟ್ಯಾಂಕ್ ತುಂಬಿಸಿ ಮಲಗೋದು. ಮೆಸ್ ಹಾಲ್‌ನ ಎರಡು ಲೈಟು, ಅಡುಗೆಮನೆಯ ಒಂದು ಲೈಟು ಇನ್ವರ್ಟರ್‌ಗೆ ಕೊಡಿಸಿ. ಗ್ಯಾಸ್ ಸಿಲಿಂಡರ್ ಕೂಡ ರಾತ್ರಿಯೇ ಎತ್ತಿ ನೋಡಿ, ಆ ಹೊತ್ತಲ್ಲಿ ಬೇರೆ ಸಿಗಲ್ಲ.