ಸೀಲ್ ಒಡೆಯಲೋ, ಹಾಗೇ ಇಡಲೋ? ಮೂರು ಬೇಸ್‌ಬಾಲ್ ಕಾರ್ಡ್ ಡಬ್ಬಗಳ ಲೆಕ್ಕ

ಎಡಿಸನ್‌ವಾಸಿ:

ಎಲ್ಲರಿಗೂ ನಮಸ್ಕಾರ. ಸದ್ಯ ನನ್ನ ಬಳಿ ಬೇಸ್‌ಬಾಲ್ ಕಾರ್ಡ್ ಪ್ಯಾಕುಗಳ ಮೂರು ಸೀಲ್ ಡಬ್ಬ ಇವೆ, ಒಳಗೆ ಯಾವ ಕಾರ್ಡ್ ಇದೆಯೋ ಒಡೆಯುವ ತನಕ ಗೊತ್ತಾಗದು. 1989ರ ಅಪ್ಪರ್ ಡೆಕ್ ಕಂಪನಿಯ ಲೋ ಸೀರೀಸ್ (1ರಿಂದ 700ರವರೆಗಿನ ಕಾರ್ಡ್), 2022ರ ಟಾಪ್ಸ್ ಕಂಪನಿಯ ಸೀರೀಸ್ 1 ಹಾಬಿ ಡಬ್ಬ (ಕಾರ್ಡ್ ಅಂಗಡಿಗಳಿಗೆಂದೇ ಬರುವುದು), ಜೊತೆಗೆ ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುವ ಹೊಸ ಬ್ಲಾಸ್ಟರ್ (ಚಿಕ್ಕ ಡಬ್ಬ) ಒಂದು. ಒಡೆಯುವ ತನಕ ಕೈ ಸುಮ್ಮನಿರುವುದಿಲ್ಲ, ಒಡೆದ ಹತ್ತು ನಿಮಿಷಕ್ಕೆ ಯಾಕಾದರೂ ಒಡೆದೆನೋ ಅನ್ನಿಸುತ್ತದೆ. ಈ ಕಾಯಿಲೆ ಇಲ್ಲಿ ಎಲ್ಲರಿಗೂ ಗೊತ್ತಿರುವುದೇ, ವಿವರಿಸುವುದಿಲ್ಲ. ಬೇಕಿರುವುದು ಲೆಕ್ಕ.

ಹೊದಿಕೆಯ ಮೇಲೆ ಯಾವುದೋ ವಿಶೇಷ ಕಾರ್ಡಿಗೆ 1:24 ಅಂತ ಅಚ್ಚಾಗಿದ್ದರೆ 24 ಪ್ಯಾಕಿಗೆ ಒಂದು ಬರಲೇಬೇಕಲ್ಲವೇ? ಪೂರ್ತಿ ಸೆಟ್ ಮಾಡುವುದಾದರೆ ಎಷ್ಟು ಡಬ್ಬ ಬೇಕಾದೀತು? ಈ ಮೂರರಲ್ಲಿ ಯಾವುದನ್ನು ಒಡೆದರೆ ನಷ್ಟ ಕಡಿಮೆ? ಹಳೇ ಡಬ್ಬದ ಸೀಲ್ ಅಸಲಿಯೋ ಅಲ್ಲವೋ ನೋಡುವುದು ಹೇಗೆ?

ರಟ್ಟಿನ_ಲೆಕ್ಕಿಗ:

ಸರ್, ಮೊದಲನೆಯದಕ್ಕೆ ಉತ್ತರ: ಬರಲೇಬೇಕು ಅಂತೇನಿಲ್ಲ. 1:24 ಅನ್ನುವುದು ಆ ಬಗೆಯ ಅಷ್ಟೂ ಪ್ಯಾಕುಗಳ ಸರಾಸರಿ. ಒಂದು ಪ್ಯಾಕ್ ಖಾಲಿ ಹೋಗುವ ಸಾಧ್ಯತೆ 24ರಲ್ಲಿ 23. ಅದನ್ನು ಅದರಿಂದಲೇ 24 ಸಲ ಗುಣಿಸಿದರೆ ಸುಮಾರು 0.36 ಬರುತ್ತದೆ. ನೂರು ಜನ ತಲಾ 24 ಪ್ಯಾಕ್ ಒಡೆದರೆ 36 ಜನರಿಗೆ ಆ ಕಾರ್ಡಿನ ಮುಖ ಕೂಡ ಕಾಣುವುದಿಲ್ಲ ಅಂತ ಅರ್ಥ. 1:1000 ಅಂತಿದ್ದರೆ ಅರ್ಧಕ್ಕರ್ಧ ಅವಕಾಶ ಹುಟ್ಟುವುದಕ್ಕೇ 693 ಪ್ಯಾಕ್ ಬೇಕು. 24 ಪ್ಯಾಕಿನ ಡಬ್ಬದ ಲೆಕ್ಕದಲ್ಲಿ 29 ಡಬ್ಬ. ಒಂದು ವ್ಯತ್ಯಾಸ ಮಾತ್ರ ನೆನಪಿಡಿ. ಹಾಬಿ ಡಬ್ಬದ ಮೇಲೆ 'ಡಬ್ಬಕ್ಕೊಂದು ಆಟೋಗ್ರಾಫ್ ಅಥವಾ ರೆಲಿಕ್' (ಆಟಗಾರನ ಸಹಿ ಅಥವಾ ಜೆರ್ಸಿ ತುಂಡಿನಂಥದ್ದು ಇರುವ ಕಾರ್ಡ್) ಅಂತ ಬರೆದಿದ್ದರೆ ಅದನ್ನು ಕಾರ್ಖಾನೆಯಲ್ಲೇ ಡಬ್ಬಕ್ಕೊಂದರಂತೆ ಹಾಕಿರುತ್ತಾರೆ. ಹಾಗೆ ಬರೆಯದ ಬ್ಲಾಸ್ಟರಿಗೆ ಆ ಭರವಸೆ ಇಲ್ಲ, ಅಲ್ಲಿ ಸರಾಸರಿಯೇ ದೇವರು.

ಇನ್ನು ಸೆಟ್. ನಿಮ್ಮ 2022ರ ಸೀರೀಸ್ 1ರಲ್ಲಿ ಬೇಸ್ ಕಾರ್ಡುಗಳು, ಅಂದರೆ ಸೆಟ್ಟಿನ ಸಾಮಾನ್ಯ ಕಾರ್ಡುಗಳು, 330. ಡಬ್ಬದಲ್ಲಿ 24 ಪ್ಯಾಕ್, ಪ್ಯಾಕಿಗೆ 14 ಕಾರ್ಡ್, ಒಟ್ಟು 336. ನೋಡಿದ ಕೂಡಲೇ ಒಂದೇ ಡಬ್ಬದಲ್ಲಿ ಸೆಟ್ ಮುಗಿಯಿತು ಅನ್ನಿಸುತ್ತದೆ, ಚಪಲ ಹುಟ್ಟುವುದೇ ಅಲ್ಲಿ. ಆದರೆ ಇನ್ಸರ್ಟ್ (ಸೆಟ್ಟಿಗೆ ಸೇರದ ವಿಶೇಷ ಕಾರ್ಡ್), ಬೇಸ್ ಕಾರ್ಡಿನದೇ ಬೇರೆ ಬಣ್ಣದ ಪ್ಯಾರಲಲ್‌ಗಳು ಜಾಗ ತಿನ್ನುತ್ತವೆ, ಮೇಲೆ ಡಬಲ್‌ಗಳು. ಕಾರ್ಡುಗಳು ಪೂರಾ ಕಲಸಿ ಬರುತ್ತವೆ ಅಂತಿಟ್ಟುಕೊಂಡರೆ 330ರ ಸೆಟ್ಟಿಗೆ ಸರಾಸರಿ 2,100 ಕಾರ್ಡ್ ಒಡೆಯಬೇಕು, ಅಂದರೆ 150 ಪ್ಯಾಕ್, ಆರು ಡಬ್ಬಕ್ಕೂ ಮೇಲೆ. ನೋವು ಕೊಡುವುದು ಕೊನೆಯ ಭಾಗ. ಹತ್ತೇ ಹತ್ತು ಕಾರ್ಡ್ ಬಾಕಿ ಇದ್ದಾಗ ಅವಕ್ಕೆ ಇನ್ನೂ 967 ಕಾರ್ಡ್, 69 ಪ್ಯಾಕ್. ಕಟ್ಟಕಡೆಯ ಒಂದೇ ಕಾರ್ಡಿಗೆ 330 ಕಾರ್ಡ್, ಒಂದು ಪೂರ್ತಿ ಡಬ್ಬ. ಒಂದೇ ಡಬ್ಬದೊಳಗೆ ಡಬಲ್ ಕಡಿಮೆ ಬರುವಂತೆ ಕಂಪನಿಯವರು ಜೋಡಿಸುವುದರಿಂದ ನಿಜದಲ್ಲಿ ಇಷ್ಟು ಕೆಟ್ಟದಾಗಿರುವುದಿಲ್ಲ, ಆದರೆ ಎರಡನೇ ಡಬ್ಬ ಒಡೆದ ಮೇಲೂ ಪ್ಯಾಕಿನಿಂದಲೇ ಸೆಟ್ ಮುಗಿಸುತ್ತೇನೆ ಅನ್ನುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಒಂದು ಡಬ್ಬ ಒಡೆದು, ಬಾಕಿ ಸಂಖ್ಯೆಗಳ ಪಟ್ಟಿ ಮಾಡಿ, ಬಿಡಿ ಕಾರ್ಡು ಕೊಳ್ಳಿ ಇಲ್ಲವೇ ಡಬಲ್ ಕೊಟ್ಟು ಬದಲಾಯಿಸಿಕೊಳ್ಳಿ.

ಒಡೆಯುವ ಮುಂಚೆ ಇನ್ನೊಂದು ಕೆಲಸ. ಆ ಡಬ್ಬದಿಂದ ನಿಮಗೆ ನಿಜಕ್ಕೂ ಬೇಕಾದ ಮೂರು ಕಾರ್ಡ್ ಯಾವುವು ಅಂತ ಕಾಗದದ ಮೇಲೆ ಬರೆಯಿರಿ. ಈಬೇಯಲ್ಲಿ 'ಸೋಲ್ಡ್' ಫಿಲ್ಟರ್ ಹಾಕಿ ಆ ಮೂರರ ಬೆಲೆ ಕೂಡಿಸಿ. ಮಾರುವವರು ಕೇಳುತ್ತಿರುವ ಬೆಲೆ ಬೇಡ, ಮಾರಾಟ ಆದ ಬೆಲೆ ನೋಡಿ. ಕೇಳುವುದಕ್ಕೇನು, ಯಾರು ಎಷ್ಟು ಬೇಕಾದರೂ ಕೇಳಬಹುದು. ಮೂರರ ಮೊತ್ತ ಡಬ್ಬದ ಬೆಲೆಗಿಂತ ಕಡಿಮೆ ಇದ್ದರೆ ಡಬ್ಬ ಯಾಕೆ? ಬಹುತೇಕ ಸಲ ಕಡಿಮೆಯೇ ಇರುತ್ತದೆ. ಒಡೆದು ಮಾರಿ ದುಡ್ಡು ವಾಪಸ್ ತೆಗೆಯುವ ಯೋಚನೆ ಇದ್ದರೆ ಈಬೇಯವರು ಸುಮಾರು 13% ಹಿಡಿದುಕೊಳ್ಳುತ್ತಾರೆ, ಅಂಚೆ ಖರ್ಚು ಬೇರೆ. ಎರಡು ಡಾಲರಿನ ಕಾರ್ಡಿಗೆ ಕೈಗೆ ಏನೂ ಉಳಿಯುವುದಿಲ್ಲ.

ಹೊಸ ಬ್ಲಾಸ್ಟರ್ ವಿಷಯ. ಬಿಡುಗಡೆಯ ಮೊದಲ ವಾರ ಬಿಡಿ ಕಾರ್ಡುಗಳ ಬೆಲೆ ಮೇಲಿರುತ್ತದೆ, ಯಾಕೆಂದರೆ ಮಾರುಕಟ್ಟೆಗೆ ಇನ್ನೂ ಮಾಲು ಬಂದಿರುವುದಿಲ್ಲ. ಎಲ್ಲರೂ ಒಡೆದು ಮಾರತೊಡಗಿದ ಮೇಲೆ ಇಳಿಯುತ್ತದೆ. ಆರು ವಾರ ಕಾದರೆ ಅದೇ ಕಾರ್ಡು ಅಗ್ಗ. ಮಾರುವವರಾದರೆ ತದ್ವಿರುದ್ಧ, ಮೊದಲ ವಾರದಲ್ಲೇ ಮಾರಿಬಿಡಿ.

ಮೇಣದಕಾಗದ:

ಲೆಕ್ಕಿಗರು ಹೇಳಿದ್ದಕ್ಕೆ ಹಳೇ ಡಬ್ಬದ ಕಡೆಯಿಂದ ಸೇರಿಸುತ್ತೇನೆ.

1989ರ ಅಪ್ಪರ್ ಡೆಕ್: 36 ಪ್ಯಾಕ್, ಪ್ಯಾಕಿಗೆ 15, ಒಟ್ಟು 540 ಕಾರ್ಡ್. ಲೋ ಸೀರೀಸ್ ಸೆಟ್ 700. ಎಲ್ಲರೂ ಹುಡುಕುವುದು 1ನೇ ಸಂಖ್ಯೆಯ ಕೆನ್ ಗ್ರಿಫಿ ಜೂನಿಯರ್ ರೂಕಿ (ಆಟಗಾರನ ಮೊದಲ ವರ್ಷದ ಕಾರ್ಡ್). ಡಬ್ಬಕ್ಕೆ ಸರಾಸರಿ 0.77 ಗ್ರಿಫಿ, ಅಂದರೆ ಒಂದೂ ಇಲ್ಲದ ಡಬ್ಬ ಬೇಕಾದಷ್ಟಿವೆ. ಬಂದರೂ ಅದು ಅಚ್ಚಿನ ಹಾಳೆಯ ಮೂಲೆಯಲ್ಲಿದ್ದ ಕಾರ್ಡ್, ಹಾಗಾಗಿ ಮೂಲೆ ಜಜ್ಜಿದ್ದು, ಕತ್ತರಿಸುವಾಗ ಓರೆಯಾದದ್ದು ಹೆಚ್ಚು. ಪಿಎಸ್‌ಎ 10 (ಕಾರ್ಡಿನ ಸ್ಥಿತಿಗೆ ಅಂಕ ಕೊಡುವ ಸಂಸ್ಥೆ ಪಿಎಸ್‌ಎಯ ಅತ್ಯುನ್ನತ ಅಂಕ) ಸಿಕ್ಕರೂ ಅಪರೂಪದ ವಸ್ತುವೇನಲ್ಲ, ಅಂಥವು ಸಾವಿರಾರಿವೆ. ಡಬ್ಬದ ಬೆಲೆಯಲ್ಲಿ ದೊಡ್ಡ ಪಾಲು ಈ ಒಂದು ಕಾರ್ಡಿನ ಆಸೆಗೇ ಕೊಡುವಂಥದ್ದು. ಆದ್ದರಿಂದ ನನ್ನ ಓಟು: ಅದನ್ನು ಒಡೆಯಬೇಡಿ, ಗ್ರಿಫಿ ಬೇಕಿದ್ದರೆ ಬಿಡಿಯಾಗಿ ಕೊಳ್ಳಿ. ಹೋಲಿಕೆಗೆ 1986ರ ಫ್ಲೀರ್ ಬಾಸ್ಕೆಟ್‌ಬಾಲ್ ನೋಡಿ: 36 ಪ್ಯಾಕ್, ಪ್ಯಾಕಿಗೆ 12, ಸೆಟ್ ಬರೀ 132. ಡಬ್ಬಕ್ಕೆ ಸರಾಸರಿ ಮೂರಕ್ಕೂ ಹೆಚ್ಚು ಮೈಕೆಲ್ ಜೋರ್ಡನ್. ಅದೇ ಕಾರಣಕ್ಕೆ ಆ ಡಬ್ಬದ ಬೆಲೆ ಆಕಾಶದಲ್ಲಿದೆ, ಅದೇ ಕಾರಣಕ್ಕೆ ಅದರ ನಕಲಿ ಸೀಲೂ ಜಾಸ್ತಿ.

ಸೀಲ್ ನೋಡುವ ಬಗೆ. 1989ರ ಅಪ್ಪರ್ ಡೆಕ್ ಫಾಯಿಲ್ ಪ್ಯಾಕಿನದು, ಮೇಣದ ಕಾಗದದ್ದಲ್ಲ. ಫಾಯಿಲ್ ಆದರೆ ಮೇಲೆ ಕೆಳಗಿನ ಹಲ್ಲು ಹಲ್ಲಿನ ಅಂಚು ಮತ್ತು ಹಿಂಬದಿಯ ಉದ್ದ ಹೊಲಿಗೆ ನೋಡಿ. ಅಂಟಿನ ಹೊಳಪು, ಎರಡು ಸಲ ಒತ್ತಿದ ಗೀಟು, ಒಂದು ಪ್ಯಾಕಿಗೂ ಇನ್ನೊಂದಕ್ಕೂ ಅಂಚಿನ ಅಗಲ ಬೇರೆ ಇದ್ದರೆ ಅನುಮಾನ ಪಡಿ. ಮೇಣದ ಪ್ಯಾಕಾದರೆ ಕೆಲಸ ಕಷ್ಟ. ಇಸ್ತ್ರಿಪೆಟ್ಟಿಗೆ ಬಿಸಿಯಲ್ಲಿ ಮೇಣ ಕರಗಿಸಿ ಬಿಚ್ಚಿ, ಒಳ್ಳೆಯ ಕಾರ್ಡು ತೆಗೆದು, ಮತ್ತೆ ಅಂಟಿಸುವವರಿದ್ದಾರೆ. ಹಳೆಯ ಮಡಿಕೆಯ ಪಕ್ಕದಲ್ಲೇ ಹೊಸ ಮಡಿಕೆಯ ಗೆರೆ, ಮೇಣ ಆಚೀಚೆ ಹರಡಿದ ಕಲೆ, ಒಳಗಿಟ್ಟ ಚ್ಯೂಯಿಂಗ್ ಗಮ್ ಪಟ್ಟಿಯ ಗುರುತು ಕಾಗದದ ಮೇಲೆ ಮೂಡಿದ ಜಾಗಕ್ಕೂ ಗಮ್ ಈಗಿರುವ ಜಾಗಕ್ಕೂ ತಾಳೆಯಾಗದಿರುವುದು, ಇವೇ ಸುಳಿವು. ಡಬ್ಬದ ಹೊರಗಿನ ಪ್ಲಾಸ್ಟಿಕ್ ಹೊದಿಕೆಯನ್ನು ಮಾತ್ರ ನಂಬಬೇಡಿ, ಅದನ್ನು ಸುತ್ತುವ ಯಂತ್ರ ಯಾರು ಬೇಕಾದರೂ ಕೊಳ್ಳಬಹುದು. ಪರಿಣತರ ಸರ್ಟಿಫಿಕೇಟ್ ಇದ್ದ ಮಾತ್ರಕ್ಕೂ ಮುಗಿಯಲಿಲ್ಲ: ಯೂಟ್ಯೂಬರ್ ಲೋಗನ್ ಪಾಲ್ 35 ಲಕ್ಷ ಡಾಲರ್ ಕೊಟ್ಟು ಕೊಂಡಿದ್ದ ಪೋಕೆಮಾನ್ ಪೆಟ್ಟಿಗೆಯನ್ನು 2022ರ ಜನವರಿಯಲ್ಲಿ ಬಿಚ್ಚಿದಾಗ ಒಳಗಿದ್ದದ್ದು ಜಿ.ಐ. ಜೋ ಕಾರ್ಡುಗಳು.

ಬಿಡಿ ಪ್ಯಾಕ್ ಮಾತ್ರ ಕೊಳ್ಳಲೇಬೇಡಿ, ಹಳೆಯದಾಗಲಿ ಹೊಸದಾಗಲಿ. ಹಾಬಿ ಡಬ್ಬದಲ್ಲಿ ಖಾತ್ರಿ ಇರುವುದು ಒಂದೇ ಹಿಟ್, ಅಂದರೆ ಆ ಆಟೋಗ್ರಾಫ್ ಅಥವಾ ರೆಲಿಕ್. ಎಂಟನೇ ಪ್ಯಾಕಿನಲ್ಲಿ ಅದು ಬಂತು ಅಂದರೆ ಉಳಿದ ಹದಿನಾರನ್ನು ಬಿಡಿಬಿಡಿಯಾಗಿ ಮಾರಿದವನು ಗೆದ್ದ, ಕೊಂಡವನು ಸೋತ. ತೂಕದ ಆಟವೂ ಇದೆ. ಜೆರ್ಸಿ ತುಂಡಿನ ದಪ್ಪ ಕಾರ್ಡ್ ಇರುವ ಪ್ಯಾಕ್ ಒಂದೆರಡು ಗ್ರಾಂ ಹೆಚ್ಚು ತೂಗುತ್ತದೆ. ಇದನ್ನು ತಡೆಯುವುದಕ್ಕೆ ಕಂಪನಿಗಳು ದಪ್ಪ ಖಾಲಿ ರಟ್ಟು ಹಾಕುವುದುಂಟು, ಎಲ್ಲ ವರ್ಷ, ಎಲ್ಲ ಸೆಟ್ಟಿಗೂ ಅಲ್ಲ.

ಹತ್ತು ಹದಿನೈದು ವರ್ಷ ಹಳೆಯ ಸೀಲ್ ಡಬ್ಬ ಒಡೆಯುವವರಿಗೆ ಮತ್ತೊಂದು ಬಲೆ ರಿಡೆಂಪ್ಷನ್ ಕಾರ್ಡ್. ಆಟಗಾರ ಸಮಯಕ್ಕೆ ಸಹಿ ಹಾಕಿಕೊಡದಿದ್ದರೆ ಕಂಪನಿ ಪ್ಯಾಕಿನಲ್ಲಿ ಸಂಕೇತ ಸಂಖ್ಯೆಯ ಚೀಟಿ ಹಾಕಿರುತ್ತದೆ, ಅದನ್ನು ಕೊಟ್ಟು ಆಮೇಲೆ ಸಹಿಯ ಕಾರ್ಡ್ ಪಡೆಯಬೇಕು. ಅದಕ್ಕೆ ಅವಧಿ ಇರುತ್ತದೆ. ಅವಧಿ ಮುಗಿದ ಮೇಲೆ ಒಡೆದರೆ ಡಬ್ಬದ ಏಕೈಕ ಹಿಟ್ ಬರೀ ಚೀಟಿ.

ಕುಡ್ಲದ_ಬೌಲರ್:

ಮಾರಾಯ್ರೆ, ನೀವಿಬ್ಬರೂ ಸೇರಿ ಪ್ಯಾಕ್ ಒಡೆಯುವುದನ್ನೇ ಪಾಪ ಮಾಡಿಬಿಟ್ಟಿರಿ. ಒಡೆಯುವ ಖುಷಿಗೂ ಒಂದು ಬೆಲೆ ಉಂಟಲ್ಲ, ಅದನ್ನು ಅಗ್ಗದಲ್ಲಿ ತೀರಿಸಿಕೊಳ್ಳುವ ದಾರಿ ಹೇಳಿ. 1987ರಿಂದ 1994ರವರೆಗಿನ ಕಾರ್ಡುಗಳನ್ನು ಅಮೆರಿಕದವರು ಜಂಕ್ ವ್ಯಾಕ್ಸ್ ಅಂತಲೇ ಕರೆಯುವುದು. ಅಷ್ಟು ಅಚ್ಚು ಹಾಕಿದ್ದಾರೆ ಅಂದರೆ ಬಹುತೇಕದರ ಬೆಲೆ ಏಳಲೇ ಇಲ್ಲ. ಕೆಂಪು ಅಂಚಿನ 1990ರ ಡಾನ್‌ರಸ್, ಹಳದಿ ಅಂಚಿನ 1991ರ ಫ್ಲೀರ್, ಇಂಥವು 36 ಪ್ಯಾಕಿನ ಪೂರ್ತಿ ಡಬ್ಬ ಇಪ್ಪತ್ತು ಡಾಲರ್ ಆಸುಪಾಸಿಗೆ ಸಿಗುತ್ತದೆ. ದಿನಕ್ಕೊಂದು ಪ್ಯಾಕ್ ಒಡೆಯಿರಿ, ತಿಂಗಳು ಕಳೆಯುತ್ತದೆ. ಒಳಗಿನದಕ್ಕೆ ಬೆಲೆ ಇಲ್ಲ ಅಂತ ಮೊದಲೇ ಗೊತ್ತಿದ್ದರೆ ಆಮೇಲೆ ಮರುಗುವುದಕ್ಕೆ ಏನುಂಟು?

ಬ್ರೇಕ್‌ಗಳ ಹತ್ತಿರ ಮಾತ್ರ ಹೋಗಬೇಡಿ. ಲೈವ್ ವಿಡಿಯೊದಲ್ಲಿ ಡಬ್ಬ ಒಡೆಯುವುದು, 30 ತಂಡ 30 ಜನಕ್ಕೆ ಮಾರುವುದು, ಕೊಂಡ ತಂಡದ ಕಾರ್ಡು ಬಂದರೆ ಮಾತ್ರ ನಿಮ್ಮದು. ಡಬ್ಬ 300 ಡಾಲರ್ ಅಂತ ಇಟ್ಟುಕೊಳ್ಳಿ, ತಂಡಕ್ಕೆ ಸರಾಸರಿ 14 ಡಾಲರ್ ವಸೂಲಿ ಮಾಡಿದರೆ 420. ನಡುವಿನ 120 ಒಡೆಯುವವನದ್ದು. ಚಂದದ ತಂಡ ಬೇಕಾದರೆ ಅದಕ್ಕೆ ಬೇರೆ ರೇಟು, ಉಳಿದವರಿಗೆ ಖಾಲಿ ಕೈ. ಕರ್ನಾಟಕದಲ್ಲಿ 2007ರಲ್ಲೇ ಲಾಟರಿ ನಿಲ್ಲಿಸಿದರು. ಇಲ್ಲಿ ಟಿಕೆಟ್ಟಿಗೆ ಆಟಗಾರನ ಫೋಟೋ ಅಂಟಿಸಿದ್ದಾರೆ, ಅಷ್ಟೇ ವ್ಯತ್ಯಾಸ.

ಹಳೇ ಪ್ಯಾಕ್, ಬಿಡಿ ಕಾರ್ಡು ಬೆರೆಸಿ ಮತ್ತೆ ಕಟ್ಟಿ ಅಂಗಡಿಯಲ್ಲಿ ತೂಗುಹಾಕಿರುವ ಮಿಸ್ಟರಿ ರೀಪ್ಯಾಕ್ ಡಬ್ಬವೂ ಅದೇ ಜಾತಿ. ಅಗ್ಗಕ್ಕೆ ಸಿಕ್ಕಿತೆಂದು ಮುಗ್ಗಲು ಜೋಳ ತಂದ ಹಾಗೆ.

ಎಡಿಸನ್‌ವಾಸಿ:

ಎಲ್ಲರಿಗೂ ಧನ್ಯವಾದ. ಹಾಗಾದರೆ 1989ರದ್ದು ಹಾಗೇ ಇರಲಿ, ಬ್ಲಾಸ್ಟರ್ ಒಡೆಯುತ್ತೇನೆ. 2022ರ ಹಾಬಿ ಡಬ್ಬ ಇಟ್ಟರೆ ಬೆಲೆ ಬೆಳೆಯುತ್ತದೆಯೇ? ಒಡೆಯುವಾಗ ಕಾರ್ಡಿನ ಮೂಲೆ ಕೆಡದಂತೆ ಏನು ಮಾಡಬೇಕು?

ರಟ್ಟಿನ_ಲೆಕ್ಕಿಗ:

ಸೀಲ್ ಡಬ್ಬದ ಬೆಲೆ ಆ ವರ್ಷದ ರೂಕಿಗಳ ಬೆನ್ನಿಗಂಟಿಕೊಂಡಿರುತ್ತದೆ. 2022ರ ಸೀರೀಸ್ 1ರಲ್ಲಿ ಜನ ಮುಗಿಬಿದ್ದದ್ದು 215ನೇ ಸಂಖ್ಯೆಯ ವಾಂಡರ್ ಫ್ರಾಂಕೊ ಕಾರ್ಡಿಗೆ. 2023ರ ಆಗಸ್ಟ್ ನಂತರ ಆತ ಮೇಜರ್ ಲೀಗಿನಲ್ಲಿ ಆಡಿಲ್ಲ, ಕಾರ್ಡೂ ಮಲಗಿತು. ಆ ಡಬ್ಬವನ್ನು ಹಿಡಿದು ಕೂರುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ, ಒಡೆದು ಸೆಟ್ಟಿಗೆ ಹಾಕಿ. ಒಳ್ಳೆಯ ಕಾರ್ಡಿಗೂ ಇದೇ ಏರಿಳಿತ: 1986ರ ಜೋರ್ಡನ್ ಪಿಎಸ್‌ಎ 10 2021ರ ಜನವರಿಯಲ್ಲಿ 7,38,000 ಡಾಲರಿಗೆ ಹೋಗಿತ್ತು, 2022ರ ಹೊತ್ತಿಗೆ ಅದರ ಅರ್ಧಕ್ಕೂ ಕೆಳಗೆ ಬಂತು. ಒಡೆದ ಮೇಲೆ ಬೇಸ್ ರೂಕಿಗಳನ್ನು ಹಿಟ್ ಅಲ್ಲ ಅಂತ ರಾಶಿಗೆ ಎಸೆಯಬೇಡಿ. 2011ರ ಟಾಪ್ಸ್ ಅಪ್‌ಡೇಟ್‌ನಲ್ಲಿ ಆಮೇಲೆ ದುಬಾರಿಯಾದ ಮೈಕ್ ಟ್ರೌಟ್ ಕಾರ್ಡು, ಸಂಖ್ಯೆ ಯುಎಸ್175, ಬರೀ ಬೇಸ್ ಕಾರ್ಡಾಗಿಯೇ ಬಂದದ್ದು.

ಮೇಣದಕಾಗದ:

ಒಡೆಯುವ ಬಗೆ. ಕೈ ತೊಳೆದು ಪೂರ್ತಿ ಒಣಗಿಸಿ, ಲೋಶನ್ ಬೇಡ. ಮೇಜಿನ ಮೇಲೆ ಮೆತ್ತನೆ ಬಟ್ಟೆ ಹಾಸಿ. ಪ್ಯಾಕನ್ನು ಲಂಬವಾಗಿ ಹಿಡಿದು ಮೆಲ್ಲಗೆ ತಟ್ಟಿದರೆ ಕಾರ್ಡುಗಳು ಕೆಳಕ್ಕೆ ಕೂರುತ್ತವೆ. ಮೇಲಿನ ಅಂಚನ್ನು ಎರಡೂ ಕೈಯಲ್ಲಿ ಜಗ್ಗಬೇಡಿ, ಮೂಲೆ ಮಡಚುವುದು ಅಲ್ಲೇ. ಹಿಂಬದಿಯ ಉದ್ದ ಹೊಲಿಗೆಯನ್ನು ಬಿಡಿಸಿ ಪುಸ್ತಕದಂತೆ ತೆರೆಯಿರಿ. ಕಾರ್ಡುಗಳನ್ನು ಇಸ್ಪೀಟಿನ ಹಾಗೆ ಒಂದರ ಮೇಲೊಂದು ಜಾರಿಸಬೇಡಿ, ಲೋಹದಂತೆ ಹೊಳೆಯುವ ಕ್ರೋಮ್ ಕಾರ್ಡಿಗೆ ಗೀರು ಬೀಳುತ್ತದೆ, ಒಂದೊಂದಾಗಿ ಎತ್ತಿ.

ಬೇಕಾದ ಕಾರ್ಡು ಮೊದಲು ತೆಳು ಪ್ಲಾಸ್ಟಿಕ್ ಚೀಲವಾದ ಪೆನ್ನಿ ಸ್ಲೀವ್‌ಗೆ. ಸ್ಲೀವಿನ ಬಾಯಿಯ ಒಂದು ಮೂಲೆಯನ್ನು ಸಣ್ಣಗೆ ಕತ್ತರಿಸಿಕೊಂಡರೆ ಕಾರ್ಡಿನ ಮೂಲೆ ತಾಗದೆ ಇಳಿಯುತ್ತದೆ. ಆಮೇಲೆ ಗಟ್ಟಿ ಪ್ಲಾಸ್ಟಿಕ್ ಕವಚಕ್ಕೆ: ಸಾಮಾನ್ಯ ಕಾರ್ಡಿಗೆ 35 ಪಾಯಿಂಟ್ ದಪ್ಪದ ಟಾಪ್‌ಲೋಡರ್, ಜೆರ್ಸಿ ತುಂಡಿನದಕ್ಕೆ 100ರಿಂದ 130 ಪಾಯಿಂಟಿನದು. ಸ್ಲೀವ್ ಇಲ್ಲದೆ ನೇರ ಟಾಪ್‌ಲೋಡರಿಗೆ ಹಾಕಿದರೆ ಗಟ್ಟಿ ಪ್ಲಾಸ್ಟಿಕ್ಕೇ ಗೀರುತ್ತದೆ. ಮೇಲ್ಬಾಯಿಗೆ ಸೆಲೋಟೇಪ್ ಬೇಡ, ಬಣ್ಣ ಬಳಿಯುವವರು ಬಳಸುವ ನೀಲಿ ಟೇಪ್ ಹಾಕಿ, ಒಂದು ತುದಿ ಮಡಚಿ ಬಿಡಿ. ಪಿಎಸ್‌ಎಗೆ ಕಳಿಸುವುದಾದರೆ ಟಾಪ್‌ಲೋಡರ್ ಬೇಡ, ಸ್ವಲ್ಪ ಬಾಗುವ ಕಾರ್ಡ್ ಸೇವರ್ ಕವಚ. ಕಳಿಸುವ ಮುಂಚೆ ನಾಲ್ಕೂ ಅಂಚಿನ ಬಿಳಿ ಜಾಗವನ್ನು ಸ್ಕೇಲಿನಲ್ಲಿ ಅಳೆಯಿರಿ: ಎಡಬಲ ಅಂಚುಗಳ ಪಾಲು 55/45ಕ್ಕಿಂತ ಓರೆ ಇದ್ದರೆ 10ರ ಆಸೆ ಬಿಡಿ, ಶುಲ್ಕ ಉಳಿಯುತ್ತದೆ.

ಒಡೆಯದೆ ಇಡುವ 1989ರ ಡಬ್ಬಕ್ಕೆ ಗಟ್ಟಿ ಅಕ್ರಿಲಿಕ್ ಪೆಟ್ಟಿಗೆ ಸಾಕು. ಬೇಸ್‌ಮೆಂಟಿನಲ್ಲೂ ಅಟ್ಟದಲ್ಲೂ ಇಡಬೇಡಿ, ತೇವಾಂಶ 45–50%ರ ಆಸುಪಾಸಿನಲ್ಲಿರಲಿ. ತೇವ ಹೆಚ್ಚಾದರೆ ಹೊಳಪಿನ ಕಾರ್ಡುಗಳು ಇಟ್ಟಿಗೆಯಂತೆ ಅಂಟಿಕೊಳ್ಳುತ್ತವೆ, 1991ರ ಸ್ಟೇಡಿಯಂ ಕ್ಲಬ್ ಇದಕ್ಕೆ ಕುಖ್ಯಾತ. ಅಂಟಿದ್ದನ್ನು ಉಗುರು ಹಾಕಿ ಎಬ್ಬಿಸಿದರೆ ಚಿತ್ರದ ಪದರವೇ ಕಿತ್ತು ಬರುತ್ತದೆ.

ಎಂದಾದರೂ ಆ ಡಬ್ಬ ಒಡೆದರೆ ಗ್ರಿಫಿ ಒಂದನ್ನೇ ನೋಡಬೇಡಿ. 25ನೇ ಸಂಖ್ಯೆಯಲ್ಲಿ ರ್‍ಯಾಂಡಿ ಜಾನ್ಸನ್, 17ರಲ್ಲಿ ಜಾನ್ ಸ್ಮೋಲ್ಟ್ಜ್ ಇದ್ದಾರೆ. 357ರ ಡೇಲ್ ಮರ್ಫಿಯ ಚಿತ್ರ ಎಡಬಲ ತಿರುಗಿದೆಯಾ ನೋಡಿ, ಬೇಗ ತಿದ್ದಿದ ತಪ್ಪು ಅಚ್ಚು ಅದು.